ಪಾದರಸ ಮತ್ತು ಯಕೃತ್ತು: ಮೂಲ ಹುಡುಕುವುದರಿಂದ ಮರುಪರೀಕ್ಷೆಯವರೆಗೆ

ಒಡೆದ ಥರ್ಮಾಮೀಟರಿನ ಪಾದರಸವನ್ನು ಮಗು ನುಂಗಿಬಿಟ್ಟರೆ ಅದರ ಬಹುಪಾಲು ರಕ್ತಕ್ಕೆ ಸೇರದೆ ಮಲದೊಂದಿಗೆ ಹೊರಬೀಳುತ್ತದೆ. ಅದೇ ಹನಿ ಮಂಚದ ಕೆಳಗಿನ ಸಂದಿಗೆ ಉರುಳಿಹೋಗಿ ತಿಂಗಳುಗಟ್ಟಲೆ ಆವಿಯಾಗುತ್ತಿದ್ದರೆ ಮನೆಯವರೆಲ್ಲ ಅದನ್ನು ಉಸಿರಾಡುತ್ತಾರೆ. ಒಳಗೆ ಹೋದ ಆವಿಯಲ್ಲಿ ಸುಮಾರು ಶೇ. 80ರಷ್ಟು ಶ್ವಾಸಕೋಶದಿಂದ ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ಲೋಹ ಒಂದೇ ಆದರೂ ಒಳಹೊಕ್ಕ ಹಾದಿ ಬದಲಾದಂತೆ ಅಪಾಯವೂ ಬದಲಾಗುತ್ತದೆ. ಇದನ್ನು ಬಿಡಿಸಿಕೊಳ್ಳದೆ ಲಿವರ್ ಪರೀಕ್ಷೆಗೋ ‘ಡಿಟಾಕ್ಸ್’ ಪುಡಿಗೋ ಹಣ ಸುರಿಯುವವರು ಬಹಳ. ಇನ್ನೊಂದು ಮಾತನ್ನೂ ಆರಂಭದಲ್ಲೇ ಹೇಳಬೇಕು: ಪಾದರಸದ ಮುಖ್ಯ ಏಟು ಬೀಳುವುದು ನರಮಂಡಲ ಮತ್ತು ಮೂತ್ರಪಿಂಡಗಳ ಮೇಲೆ. ಯಕೃತ್ತು ಆ ಪಾದರಸವನ್ನು ಹಿಡಿದು ಹೊರಗೆ ಕಳಿಸುವ ಬಾಗಿಲು. ಬಾಗಿಲಿಗೂ ಪೆಟ್ಟಾಗುತ್ತದೆ, ಆದರೆ ಬಾಗಿಲನ್ನಷ್ಟೇ ನೋಡಿಕೊಂಡರೆ ಕೆಲಸ ಮುಗಿಯುವುದಿಲ್ಲ.

ಹಂತ 1: ಯಾವ ರೂಪದ ಪಾದರಸ ಎಂದು ಗುರುತಿಸಿ

ಪಾದರಸ ನಮ್ಮನ್ನು ಮುಟ್ಟುವುದು ಮೂರು ರೂಪಗಳಲ್ಲಿ.

ಮೊದಲನೆಯದು ಲೋಹರೂಪ. ಥರ್ಮಾಮೀಟರು, ಹಳೆಯ ರಕ್ತದೊತ್ತಡ ಮಾಪಕ, ಟ್ಯೂಬ್‌ಲೈಟು, ಸಿಎಫ್ಎಲ್ ಬಲ್ಬು, ಕೆಲವು ಹಳೆಯ ಸ್ವಿಚ್ಚುಗಳಲ್ಲಿ ಇರುವುದು ಇದು. ನುಂಗಿದರೆ ಹೀರಿಕೆ ಶೇ. 0.01ಕ್ಕಿಂತ ಕಡಿಮೆ, ಅಪಾಯವಿರುವುದು ಆವಿಯಲ್ಲಿ. ರಕ್ತ ಸೇರಿದ ಆವಿಯನ್ನು ಕೆಂಪು ರಕ್ತಕಣ ಮತ್ತು ಯಕೃತ್ತಿನ ಕೆಟಲೇಸ್ ಕಿಣ್ವ ಅಯಾನು (ವಿದ್ಯುದಂಶ ಹೊತ್ತ) ರೂಪಕ್ಕೆ ತಿರುಗಿಸುತ್ತದೆ. ತಿರುಗುವ ಮೊದಲೇ ಒಂದಷ್ಟು ಮಿದುಳಿಗೆ ನುಸುಳಿರುತ್ತದೆ.

ಎರಡನೆಯದು ಪಾದರಸದ ಲವಣಗಳು. ಚರ್ಮ ಬಿಳುಪಾಗಿಸುವ ಕ್ರೀಮುಗಳಲ್ಲಿ, ಕೆಲವು ಲೋಹಯುಕ್ತ ಸಾಂಪ್ರದಾಯಿಕ ಔಷಧಿಗಳಲ್ಲಿ ಸಿಗುತ್ತವೆ. ಬಾಯಿಯ ಮೂಲಕ ಹೋದರೆ ಸುಮಾರು ಶೇ. 7ರಿಂದ 15ರಷ್ಟು ರಕ್ತಕ್ಕೆ ಸೇರುತ್ತವೆ. ಇವು ಹೆಚ್ಚಾಗಿ ಬಂದು ಕೂರುವುದು ಮೂತ್ರಪಿಂಡದಲ್ಲಿ.

ಮೂರನೆಯದು ಮೀಥೈಲ್ ಪಾದರಸ. ಕಲ್ಲಿದ್ದಲು ಉರಿಸುವುದರಿಂದ, ಸಣ್ಣಪ್ರಮಾಣದ ಚಿನ್ನದ ಗಣಿಗಾರಿಕೆಯಿಂದ ಗಾಳಿಗೆ ಹೋದ ಪಾದರಸ ಕೊನೆಗೆ ನೀರಿನ ತಳದ ಕೆಸರು ಸೇರುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವನ್ನಾಗಿ ಮಾಡುತ್ತವೆ. ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡದಕ್ಕೆ ಹೋದಂತೆಲ್ಲ ಸಾಂದ್ರತೆ ಏರುತ್ತಲೇ ಹೋಗುತ್ತದೆ. ತಿಂದರೆ ಸುಮಾರು ಶೇ. 95ರಷ್ಟು ಹೀರಿಕೊಳ್ಳುತ್ತದೆ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತಕ್ಕೆ ಕಾರಣ ಇದೇ. ಪಾದರಸ ಕುರಿತ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಆ ಊರಿನ ಹೆಸರಿಟ್ಟು, 2017ರ ಆಗಸ್ಟ್ 16ರಿಂದ ಜಾರಿಗೆ ತಂದರು.

ಒಂದು ಚೀಟಿಯಲ್ಲಿ ಮೂರು ಕಾಲಂ ಎಳೆದು ಆವಿ, ಲವಣ, ಮೀನು ಎಂದು ಬರೆದುಕೊಳ್ಳಿ. ಮುಂದೆ ಸಿಗುವ ಪ್ರತಿಯೊಂದು ಸುಳಿವನ್ನೂ ಇವುಗಳಲ್ಲೊಂದರ ಕೆಳಗೆ ಹಾಕಿ. ಯಾವ ಪರೀಕ್ಷೆ ಮಾಡಿಸಬೇಕು ಎಂಬುದು ಈ ಚೀಟಿಯಿಂದಲೇ ತೀರ್ಮಾನವಾಗುತ್ತದೆ.

ಯಕೃತ್ತಿನೊಳಗೆ ನಡೆಯುವುದೇನು

ಪಾದರಸಕ್ಕೆ ಗಂಧಕದ ಮೇಲೆ ವಿಪರೀತ ಸೆಳೆತ. ಯಕೃತ್ತಿನ ಕೋಶಗಳಲ್ಲಿ ಗ್ಲುಟಾಥಯೋನ್ ಎಂಬ ಗಂಧಕಯುಕ್ತ ಅಣು ಧಾರಾಳವಾಗಿರುತ್ತದೆ. ವಿಷವಸ್ತುಗಳನ್ನು, ಉತ್ಕರ್ಷಣದ ಹೊಡೆತವನ್ನು ತಣ್ಣಗಾಗಿಸುವುದು ಅದರ ಕೆಲಸ. ಪಾದರಸ ಬಂದಾಗ ಗ್ಲುಟಾಥಯೋನ್ ಅದಕ್ಕೆ ಅಂಟಿಕೊಂಡು ಪಿತ್ತರಸದ ಜೊತೆ ಕರುಳಿಗೆ ಸಾಗಿಸುತ್ತದೆ. ಹಾಗೆ ಸಾಗಿಸುವಾಗ ಗ್ಲುಟಾಥಯೋನ್ ಖರ್ಚಾಗುತ್ತದೆ. ಜೊತೆಗೆ ಗ್ಲುಟಾಥಯೋನ್ ಪೆರಾಕ್ಸಿಡೇಸ್, ಥಯೊರೆಡಾಕ್ಸಿನ್ ರಿಡಕ್ಟೇಸ್ ಎಂಬ ಸೆಲೆನಿಯಂ ಇರುವ ಕಿಣ್ವಗಳನ್ನೂ ಪಾದರಸ ಕಟ್ಟಿಹಾಕುತ್ತದೆ. ರಕ್ಷಣೆ ತೆಳುವಾದಷ್ಟೂ ಕೋಶದ ಪೊರೆ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಹಾಳಾಗುತ್ತವೆ. ಕೋಶ ಸೋರಿದಾಗ ಅದರೊಳಗಿನ ಎಎಲ್‌ಟಿ, ಎಎಸ್‌ಟಿ ಕಿಣ್ವಗಳು ರಕ್ತದಲ್ಲಿ ಏರುತ್ತವೆ.

ಇಲ್ಲಿ ಇನ್ನೊಂದು ಸುತ್ತು ಇದೆ. ಪಿತ್ತರಸದೊಂದಿಗೆ ಕರುಳಿಗೆ ಇಳಿದ ಮೀಥೈಲ್ ಪಾದರಸದ ಹೆಚ್ಚಿನ ಭಾಗ ಅಲ್ಲಿಂದ ಮತ್ತೆ ರಕ್ತಕ್ಕೆ ಹೀರಿಕೊಂಡು ಯಕೃತ್ತಿಗೇ ಮರಳುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಅದರಲ್ಲಿ ಸ್ವಲ್ಪವನ್ನು ಸುಲಭವಾಗಿ ಹೀರದ ಲವಣರೂಪಕ್ಕೆ ಬದಲಿಸುತ್ತವೆ, ಮಲದಲ್ಲಿ ಹೊರಹೋಗುವುದು ಮುಖ್ಯವಾಗಿ ಆ ಭಾಗ. ರಕ್ತದಲ್ಲಿ ಮೀಥೈಲ್ ಪಾದರಸ ಅರ್ಧಕ್ಕೆ ಇಳಿಯಲು ಸುಮಾರು 50 ದಿನ ಹಿಡಿಯುವುದು ಈ ಸುತ್ತಾಟದಿಂದಲೇ. ಇರಾಕಿನಲ್ಲಿ 1971–72ರಲ್ಲಿ ಬಿತ್ತನೆಗೆಂದು ಪಾದರಸದ ಶಿಲೀಂಧ್ರನಾಶಕ ಸವರಿದ್ದ ಗೋಧಿಯಿಂದ ರೊಟ್ಟಿ ಮಾಡಿ ತಿಂದ 6,530 ಮಂದಿ ಆಸ್ಪತ್ರೆ ಸೇರಿ, 459 ಮಂದಿ ಆಸ್ಪತ್ರೆಗಳಲ್ಲೇ ಸತ್ತರು. ಆಗ ವೈದ್ಯರು ಪ್ರಯತ್ನಿಸಿದ ದಾರಿಗಳಲ್ಲೊಂದು ಈ ಸುತ್ತನ್ನು ಕರುಳಿನಲ್ಲೇ ಕತ್ತರಿಸುವುದು. ಪಾದರಸವನ್ನು ಹಿಡಿದಿಟ್ಟುಕೊಳ್ಳುವ ಗಂಧಕಯುಕ್ತ ರಾಳವನ್ನು ನುಂಗಿಸಿದ್ದರು.

ಸಾಮಾನ್ಯ ಜನರಲ್ಲಿ ಇದರ ಪರಿಣಾಮವೆಷ್ಟು? ಅಮೆರಿಕದ 2003–04ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಮಾಹಿತಿಯನ್ನು ವಿಶ್ಲೇಷಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇರೆ ಕಾರಣ ಕಾಣದ ಎಎಲ್‌ಟಿ ಏರಿಕೆಗೂ ರಕ್ತದ ಪಾದರಸಕ್ಕೂ ನಂಟು ಕಂಡುಬಂತು. ನಂಟು ಎಂದರೆ ಕಾರಣವೆಂದೇ ಅರ್ಥವಲ್ಲ, ಒಂದೇ ಸಲದ ರಕ್ತ ನೋಡಿ ಹೇಳಿದ ಲೆಕ್ಕವದು. ನಮ್ಮ ತಿಳಿವಳಿಕೆಯ ಪ್ರಕಾರ ಸರಿಯಾದ ನಿಲುವು ಇಷ್ಟು: ಕೊಬ್ಬು ತುಂಬಿದ ಯಕೃತ್ತು, ಮದ್ಯ, ಹೆಪಟೈಟಿಸ್ ಇದ್ದವರಿಗೆ ಪಾದರಸ ಹೆಚ್ಚುವರಿ ಹೊರೆ. ಅದೊಂದೇ ಯಕೃತ್ತನ್ನು ಕೆಡಿಸುವುದು ಭಾರೀ ಪ್ರಮಾಣದಲ್ಲಿ ಒಳಹೋದಾಗ.

ಹಂತ 2: ಮೂಲ ಹುಡುಕಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಅವಸರ ಬೇಡ.

ಮೀನಿನಿಂದ ಶುರು ಮಾಡಿ, ಏಕೆಂದರೆ ಕಾರ್ಖಾನೆ, ಗಣಿಗಳ ನೆರೆಯಲ್ಲಿಲ್ಲದ ಹೆಚ್ಚಿನವರಿಗೆ ಮುಖ್ಯ ಮೂಲ ಅದೇ. ಒಂದು ವಾರ ತಿಂದ ಮೀನಿನ ಜಾತಿ ಮತ್ತು ತೂಕ ಬರೆದಿಡಿ. ನಂತರ ಈ ಲೆಕ್ಕ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ 2003ರಲ್ಲಿ ಇಟ್ಟ ಮಿತಿ, ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೊಗ್ರಾಂ ಮೀಥೈಲ್ ಪಾದರಸ. 60 ಕಿಲೋ ತೂಕದವರಿಗೆ ವಾರಕ್ಕೆ 96 ಮೈಕ್ರೊಗ್ರಾಂ ಆಯಿತು. ಅಮೆರಿಕದ ಪರಿಸರ ಸಂಸ್ಥೆಯ ಮಿತಿ ಇನ್ನೂ ಬಿಗಿ: ದಿನಕ್ಕೆ ಕಿಲೋಗೆ 0.1 ಮೈಕ್ರೊಗ್ರಾಂ, ಅಂದರೆ ಅದೇ ವ್ಯಕ್ತಿಗೆ ವಾರಕ್ಕೆ 42.

ಈಗ ಮೀನಿನ ಕಡೆ ನೋಡಿ. ಅಮೆರಿಕದ ಆಹಾರ-ಔಷಧ ಆಡಳಿತದ ಪಟ್ಟಿಯ ಸರಾಸರಿಯಂತೆ ಪ್ರತಿ ಗ್ರಾಂ ಮೀನಿನಲ್ಲಿ ಶಾರ್ಕ್‌ಗೆ 0.979 ಮೈಕ್ರೊಗ್ರಾಂ, ಕತ್ತಿಮೀನಿಗೆ 0.995, ಕಿಂಗ್ ಮ್ಯಾಕೆರೆಲ್‌ಗೆ 0.73, ಡಬ್ಬಿಯ ಆಲ್ಬಕೋರ್ ಟ್ಯೂನಾಕ್ಕೆ 0.35, ಡಬ್ಬಿಯ ‘ಲೈಟ್’ ಟ್ಯೂನಾಕ್ಕೆ 0.126, ಸಾಲ್ಮನ್‌ಗೆ 0.022, ಸಾರ್ಡೀನ್ ಅಂದರೆ ಬೂತಾಯಿಗೆ 0.013. 150 ಗ್ರಾಂ ಶಾರ್ಕ್ ತಿಂದರೆ 147 ಮೈಕ್ರೊಗ್ರಾಂ. ಒಂದೇ ಊಟಕ್ಕೆ ವಾರದ ಮಿತಿ ದಾಟಿಹೋಯಿತು. ಅಷ್ಟೇ ತೂಕದ ಬೂತಾಯಿಯಲ್ಲಿ ಸುಮಾರು 2 ಮೈಕ್ರೊಗ್ರಾಂ. ಎಪ್ಪತ್ತು ಪಟ್ಟು ವ್ಯತ್ಯಾಸ! ಆದ್ದರಿಂದ ಮೀನು ಬಿಡಿ ಎಂದು ನಾವು ಹೇಳುವುದಿಲ್ಲ. ಮೀನಿನ ಒಮೆಗಾ-3 ಕೊಬ್ಬು ಹೃದಯಕ್ಕೂ ಯಕೃತ್ತಿಗೂ ಬೇಕಾದದ್ದು. ದೊಡ್ಡ ಬೇಟೆಗಾರ ಮೀನು ಬಿಟ್ಟು, ಬೇಗ ಬೆಳೆದು ಬೇಗ ಸಾಯುವ ಸಣ್ಣ ಮೀನಿಗೆ ಬನ್ನಿ.

ಇಲ್ಲಿ ಆಗುವ ತಪ್ಪುಗಳು ಎರಡು. ಚರ್ಮ, ಕೊಬ್ಬು ತೆಗೆದು ಚೆನ್ನಾಗಿ ಹುರಿದರೆ ಪಾದರಸ ಹೋಗುತ್ತದೆಂದು ನಂಬುವುದು ಒಂದು. ಪಾದರಸ ಕೂತಿರುವುದು ಕೊಬ್ಬಿನಲ್ಲಲ್ಲ, ಮಾಂಸದ ಪ್ರೋಟೀನಿನಲ್ಲಿ. ತೊಳೆದರೂ ಬೇಯಿಸಿದರೂ ಹೋಗದು. ಹುರಿದಾಗ ನೀರು ಆರಿ ಗ್ರಾಂ ಲೆಕ್ಕದಲ್ಲಿ ಸಾಂದ್ರತೆ ಇನ್ನಷ್ಟು ಹೆಚ್ಚೇ ಆಗುತ್ತದೆ. ಎರಡನೆಯದು, ಒಂದೇ ಜಾತಿಯ ಸಣ್ಣ ಮತ್ತು ದೊಡ್ಡ ಮೀನನ್ನು ಸಮಾನವೆಂದು ಎಣಿಸುವುದು. ವಯಸ್ಸಾದ ದೊಡ್ಡ ಮೀನಿನಲ್ಲಿ ಸಂಗ್ರಹ ಹೆಚ್ಚು.

ಇನ್ನು ಕ್ರೀಮುಗಳು. ಚರ್ಮ ಬಿಳುಪಾಗಿಸುವ, ಕಲೆ ತೆಗೆಯುವ ಕ್ರೀಮಿನ ಡಬ್ಬಿಯ ಮೇಲೆ ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಮರ್ಕ್ಯುರಿಕ್, ಮರ್ಕ್ಯುರಿಯೊ ಎಂಬ ಯಾವ ಪದವಿದ್ದರೂ ಬಳಕೆ ನಿಲ್ಲಿಸಿ. ಘಟಕಗಳ ಪಟ್ಟಿಯೇ ಇಲ್ಲದ ಡಬ್ಬಿ, ತಯಾರಕರ ವಿಳಾಸವಿಲ್ಲದ ಡಬ್ಬಿ ಇನ್ನೂ ಅನುಮಾನಾಸ್ಪದ. ‘ಬೆಳ್ಳಿ, ಚಿನ್ನ, ಅಲ್ಯುಮಿನಿಯಂ, ರಬ್ಬರಿಗೆ ತಾಗಿಸಬೇಡಿ’ ಎಂಬ ಎಚ್ಚರಿಕೆ ಇದ್ದರೆ ಅದೇ ದೊಡ್ಡ ಸುಳಿವು: ಪಾದರಸ ಈ ಲೋಹಗಳ ಜೊತೆ ಬೆರೆಯುತ್ತದೆ. ಬೆಳಕಿಗೆ ಬಿಟ್ಟಾಗ ಕ್ರೀಮು ಬೂದು ಅಥವಾ ಗಾಢ ಬಣ್ಣಕ್ಕೆ ತಿರುಗುವುದೂ ಅನುಮಾನಕ್ಕೆ ಕಾರಣ. ಹಚ್ಚಿಕೊಂಡವರಷ್ಟೇ ಅಲ್ಲ, ಅದೇ ಟವೆಲು ಬಳಸುವವರು, ಎತ್ತಿಕೊಂಡ ಮಗು, ಒಂದೇ ದಿಂಬಿನ ಮೇಲೆ ಮಲಗುವವರು ಎಲ್ಲರ ಮೈಗೂ ಹತ್ತುತ್ತದೆ. ಈ ಕ್ರೀಮುಗಳಿಂದ ಮೂತ್ರಪಿಂಡದ ಮೂಲಕ ಪ್ರೋಟೀನ್ ಸೋರಿ ಮೈ ಊದಿಕೊಂಡವರ ವರದಿಗಳು ವೈದ್ಯಕೀಯ ಸಾಹಿತ್ಯದಲ್ಲಿ ಹಲವಿವೆ. ಕಾಲು ಊತ, ನೊರೆಮೂತ್ರ ಕಂಡರೆ ಲಿವರ್ ದೋಷವೆಂದು ಊಹಿಸಿ ಕೂರಬೇಡಿ, ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ.

ಲೋಹ ಸೇರಿಸಿದ ಸಾಂಪ್ರದಾಯಿಕ ಔಷಧಿಗಳನ್ನೂ ಪಟ್ಟಿಗೆ ಸೇರಿಸಿ. ಅವುಗಳಲ್ಲಿ ಕೆಲವಕ್ಕೆ ಬಳಸುವ ಇಂಗಳೀಕ ಎಂದರೆ ಪಾದರಸದ ಸಲ್ಫೈಡ್. ಅಂತರ್ಜಾಲದಲ್ಲಿ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ 2008ರ ಅಧ್ಯಯನದಲ್ಲಿ ಸರಿಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ‘ಯಕೃತ್ತಿಗೆ ಒಳ್ಳೆಯದು’ ಎಂದು ಕೊಂಡ ಗುಳಿಗೆಯೇ ಮೂಲವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಬೇಡಿ. ಡಬ್ಬಿಯನ್ನು ವೈದ್ಯರಿಗೆ ತೋರಿಸಿ.

ಕೆಲಸದ ಸ್ಥಳದ್ದು ಬೇರೆಯೇ ಲೆಕ್ಕ. ಪಾದರಸ ಬೆರೆಸಿ ಚಿನ್ನ ಬೇರ್ಪಡಿಸಿ ಕಾಸುವವರು, ಟ್ಯೂಬ್‌ಲೈಟ್ ಒಡೆದು ಮರುಬಳಕೆ ಮಾಡುವವರು, ಹಲ್ಲಿನ ಕುಳಿಗೆ ಅಮಾಲ್ಗಮ್ (ಪಾದರಸ ಬೆರೆಸಿದ ಮಿಶ್ರಲೋಹ) ತುಂಬುವವರು ಆವಿಯ ಮಧ್ಯೆ ಇರುತ್ತಾರೆ. ಅವರ ಬಟ್ಟೆ, ಬೂಟು ಮನೆಯೊಳಗೆ ಬಂದರೆ ಆವಿಯೂ ಜೊತೆಗೆ ಬಂದಂತೆ. ಬಟ್ಟೆಯನ್ನು ಕೆಲಸದ ಜಾಗದಲ್ಲೇ ಬದಲಿಸಿ, ಮನೆಯವರ ಬಟ್ಟೆಯೊಂದಿಗೆ ಒಗೆಯಬೇಡಿ.

ಹಲ್ಲಿನ ಬೆಳ್ಳಿಬಣ್ಣದ ತುಂಬುವಿಕೆಯಲ್ಲಿ ಅರ್ಧದಷ್ಟು ಪಾದರಸವಿರುತ್ತದೆ ನಿಜ. ಗಟ್ಟಿಯಾಗಿ ಕೂತಿರುವುದನ್ನು ಭಯದಿಂದ ಕೊರೆಸಿ ತೆಗೆಸಿದರೆ ಕೊರೆಯುವಾಗಲೇ ಹೆಚ್ಚು ಆವಿ ಏಳುತ್ತದೆ. ಅದನ್ನು ಅದರ ಪಾಡಿಗೆ ಬಿಡಿ.

ಹಂತ 3: ಚೆಲ್ಲಿದ ಪಾದರಸವನ್ನು ಎತ್ತುವುದು

ಜ್ವರ ನೋಡುವ ಥರ್ಮಾಮೀಟರಿನಲ್ಲಿ ಅರ್ಧದಿಂದ ಒಂದೂವರೆ ಗ್ರಾಂ ಪಾದರಸವಿರುತ್ತದೆ. ಒಂದು ಗ್ರಾಂ ಎಂದರೆ 10 ಲಕ್ಷ ಮೈಕ್ರೊಗ್ರಾಂ. ಉದ್ದ, ಅಗಲ, ಎತ್ತರ ಮೂರೂ 3 ಮೀಟರಿನ ಕೋಣೆಯಲ್ಲಿ 27 ಘನ ಮೀಟರ್ ಗಾಳಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗೆ ಕೊಟ್ಟ ಮಾರ್ಗಸೂಚಿ ಪ್ರತಿ ಘನ ಮೀಟರಿಗೆ ವಾರ್ಷಿಕ ಸರಾಸರಿ 1 ಮೈಕ್ರೊಗ್ರಾಂ. ಆ ಕೋಣೆಯ ಗಾಳಿ ಮಿತಿ ಮುಟ್ಟಲು ಒಮ್ಮೆಗೆ 27 ಮೈಕ್ರೊಗ್ರಾಂ ಸಾಕು. ಸಂದಿಯಲ್ಲಿ ಉಳಿದ ಸಾಸಿವೆ ಗಾತ್ರದ ಹನಿಯನ್ನು ಲಘುವಾಗಿ ಕಾಣಬಾರದು ಎನ್ನುವುದು ಇದಕ್ಕೇ.

ಮೊದಲು ಮಾಡಬಾರದ್ದು. ವ್ಯಾಕ್ಯೂಮ್ ಕ್ಲೀನರ್ ಬೇಡ. ಅದರ ಬಿಸಿ ಮೋಟಾರು ಪಾದರಸವನ್ನು ಆವಿಯಾಗಿಸಿ ಮನೆತುಂಬ ಊದುತ್ತದೆ, ಯಂತ್ರವೂ ಶಾಶ್ವತವಾಗಿ ಕೆಡುತ್ತದೆ. ಪೊರಕೆ ಬೇಡ, ಒಂದು ಹನಿ ನೂರಾಗುತ್ತದೆ. ಬಚ್ಚಲಿಗೆ ಸುರಿಯಬೇಡಿ, ನೀರಿಗಿಂತ 13.5 ಪಟ್ಟು ಭಾರವಾದ್ದರಿಂದ ಕೊಳವೆಯ ಬಾಗಿನಲ್ಲಿ ಕೂತು ಅಲ್ಲಿಂದಲೇ ಆವಿಯಾಗುತ್ತದೆ. ಬ್ಲೀಚ್ ಅಥವಾ ಅಮೋನಿಯಾ ಇರುವ ದ್ರಾವಣ ಹಾಕಿದರೆ ವಿಷಾನಿಲ ಏಳಬಹುದು. ತಾಗಿದ ಬಟ್ಟೆಯನ್ನು ವಾಷಿಂಗ್ ಮೆಷೀನಿಗೆ ಹಾಕಿದರೆ ಮೆಷೀನೂ ಹೋದಂತೆ.

ಈಗ ಮಾಡಬೇಕಾದ್ದು:

1. ಮಕ್ಕಳು, ಗರ್ಭಿಣಿಯರು, ಸಾಕುಪ್ರಾಣಿಗಳನ್ನು ಹೊರಗೆ ಕಳಿಸಿ. ಹೋಗುವಾಗ ಚೆಲ್ಲಿದ್ದನ್ನು ತುಳಿಯದಂತೆ ನೋಡಿಕೊಳ್ಳಿ. ಒಳಬಾಗಿಲು ಮುಚ್ಚಿ, ಹೊರಗಿನ ಕಿಟಕಿ ತೆರೆಯಿರಿ. ಎಸಿ, ಹೀಟರ್ ಆರಿಸಿ.

2. ಉಂಗುರ, ಬಳೆ, ಗಡಿಯಾರ ತೆಗೆದಿಡಿ. ನೈಟ್ರೈಲ್ ಅಥವಾ ರಬ್ಬರ್ ಕೈಗವಸು ಹಾಕಿ.

3. ಗಾಜಿನ ಚೂರುಗಳನ್ನು ಮೊದಲು ಆರಿಸಿ, ಕಾಗದದಲ್ಲಿ ಸುತ್ತಿ ಜಿಪ್ ಚೀಲಕ್ಕೆ ಹಾಕಿ.

4. ಗಟ್ಟಿ ರಟ್ಟಿನ ಎರಡು ತುಂಡಿನಿಂದ ಹನಿಗಳನ್ನು ನಿಧಾನವಾಗಿ ಒಂದರ ಕಡೆ ಒಂದನ್ನು ನೂಕಿ ಒಟ್ಟುಮಾಡಿ. ಕಣ್ಣಿಗೆ ಔಷಧಿ ಹಾಕುವ ಡ್ರಾಪರಿನಿಂದ ಹೀರಿ, ಒದ್ದೆ ಟಿಶ್ಯೂ ಮೇಲೆ ಬಿಟ್ಟು, ಮಡಚಿ ಚೀಲಕ್ಕೆ ಸೇರಿಸಿ.

5. ಕೋಣೆ ಕತ್ತಲು ಮಾಡಿ ಟಾರ್ಚನ್ನು ನೆಲಕ್ಕೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಮೇಲಿನಿಂದ ಬೆಳಕು ಬಿಟ್ಟರೆ ಕಾಣದ ಹನಿಗಳು ಆಗ ಮಿನುಗುತ್ತವೆ. ಅಂದಾಜಿಗಿಂತ ಹೆಚ್ಚು ದೂರಕ್ಕೆ ಉರುಳಿರುತ್ತವೆ, ಇಡೀ ಕೋಣೆ ನೋಡಿ.

6. ಉಳಿದ ಸಣ್ಣ ಹನಿಗಳಿಗೆ ಶೇವಿಂಗ್ ಕ್ರೀಮ್ ಹಚ್ಚಿದ ಸಣ್ಣ ಬ್ರಷ್ಷು ಅಥವಾ ಅಂಟುಪಟ್ಟಿ. ಬ್ರಷ್ಷನ್ನೂ ಚೀಲಕ್ಕೇ ಹಾಕಿ.

7. ಸಂದಿಗಳಿಗೆ ಗಂಧಕದ ಪುಡಿ ಉದುರಿಸಬಹುದು. ಹಳದಿ ಬಣ್ಣ ಕಂದಾಗುವ ಕಡೆ ಪಾದರಸವಿದೆ. ಪುಡಿ ಅದನ್ನು ಕಟ್ಟಿ ಆವಿಯನ್ನೂ ತಗ್ಗಿಸುತ್ತದೆ.

8. ಕಾರ್ಪೆಟ್ಟು, ಹಾಸಿಗೆಗೆ ಬಿದ್ದಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯಿರಿ. ಅದರಿಂದ ಪೂರ್ತಿ ಹೊರತೆಗೆಯುವ ದಾರಿ ಮನೆಯಲ್ಲಿಲ್ಲ.

9. ಎಲ್ಲವನ್ನೂ ಎರಡು ಚೀಲದಲ್ಲಿ ಮುಚ್ಚಿ, ‘ಪಾದರಸ’ ಎಂದು ಬರೆದು, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಕಿಟಕಿ, ಫ್ಯಾನು ಕನಿಷ್ಠ 24 ಗಂಟೆ ನಡೆಯಲಿ. ಫ್ಯಾನಿನ ಗಾಳಿ ಹೊರಮುಖವಾಗಿರಲಿ.

ಸಿಎಫ್ಎಲ್ ಬಲ್ಬಿನಲ್ಲಿ ಇರುವುದು ಕೆಲವೇ ಮಿಲಿಗ್ರಾಂ, ಸಾಮಾನ್ಯವಾಗಿ 5ಕ್ಕಿಂತ ಕಡಿಮೆ. ಕಿಟಕಿ ತೆರೆದು 5ರಿಂದ 10 ನಿಮಿಷ ಹೊರಗಿದ್ದು ಬಂದು, ರಟ್ಟಿನಿಂದ ಚೂರು ಎತ್ತಿ, ಪುಡಿಯನ್ನು ಅಂಟುಪಟ್ಟಿ, ಒದ್ದೆ ಕಾಗದದಿಂದ ಒರೆಸಿ, ಮುಚ್ಚಳವಿರುವ ಗಾಜಿನ ಶೀಶೆಗೆ ಹಾಕಿದರೆ ಸಾಕು. ರಕ್ತದೊತ್ತಡ ಮಾಪಕದ ಕಥೆ ಬೇರೆ: ಅದರಲ್ಲಿ ನೂರು ಗ್ರಾಮಿನ ಆಸುಪಾಸು ಪಾದರಸವಿರುತ್ತದೆ. ಅದು ಒಡೆದರೆ ಬಾಗಿಲು ಮುಚ್ಚಿ ಹೊರಬನ್ನಿ, ಆವಿ ಅಳೆಯುವ ಉಪಕರಣವಿರುವ ತಂಡವನ್ನು ಕರೆಯಿರಿ.

ಚೆಲ್ಲಿದ ಪಾದರಸವನ್ನು ಬಿಸಿ ಮಾಡಿದವರಿಗೆ, ಅಂಥ ಆವಿ ಉಸಿರಾಡಿದವರಿಗೆ ಕೆಲವೇ ಗಂಟೆಗಳಲ್ಲಿ ಕೆಮ್ಮು, ಎದೆ ಬಿಗಿತ, ಜ್ವರ ಬರಬಹುದು. ಅದು ತುರ್ತು ಪರಿಸ್ಥಿತಿ. ಪಾದರಸದ ಲವಣ ನುಂಗಿದವರಿಗೆ ವಾಂತಿ ಮಾಡಿಸಬೇಡಿ. ಗಂಟಲು, ಹೊಟ್ಟೆಯನ್ನು ಅದು ಸುಡುತ್ತದೆ, ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ. ನೇರ ಆಸ್ಪತ್ರೆಗೆ.

ಹಂತ 4: ಸರಿಯಾದ ಪರೀಕ್ಷೆಯನ್ನೇ ಕೇಳಿ

ಮೊದಲ ಹಂತದ ಚೀಟಿ ತೆಗೆಯಿರಿ. ಮೀನಿನ ಕಾಲಂ ತುಂಬಿದ್ದರೆ ರಕ್ತಪರೀಕ್ಷೆ. ಆವಿ ಅಥವಾ ಲವಣದ ಕಾಲಂ ತುಂಬಿದ್ದರೆ ಮೂತ್ರಪರೀಕ್ಷೆ. ಮೀಥೈಲ್ ಪಾದರಸ ಮೂತ್ರದಲ್ಲಿ ಬಹಳ ಕಡಿಮೆ ಹೋಗುವುದರಿಂದ, ದಿನಾ ಟ್ಯೂನಾ ತಿನ್ನುವವರ ಮೂತ್ರ ನೋಡಿ ‘ಪಾದರಸವಿಲ್ಲ’ ಎಂದರೆ ಆ ವರದಿಗೆ ಅರ್ಥವಿಲ್ಲ.

ರಕ್ತವನ್ನು ಸೂಕ್ಷ್ಮ ಲೋಹಗಳ ಪರೀಕ್ಷೆಗೆಂದೇ ಇರುವ ಕಡುನೀಲಿ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ನಳಿಕೆಯಲ್ಲಿ ತೆಗೆಯಬೇಕು, ಇಡೀ ರಕ್ತವನ್ನೇ ಪರೀಕ್ಷಿಸಬೇಕು. ಮೀಥೈಲ್ ಪಾದರಸದ ಹೆಚ್ಚಿನ ಪಾಲು ಕೆಂಪು ಕಣಗಳಲ್ಲಿ ಇರುವುದರಿಂದ ಸೀರಮ್ (ಕಣಗಳಿಲ್ಲದ ತಿಳಿದ್ರವ) ಬೇರ್ಪಡಿಸಿದರೆ ಅಳತೆ ತಪ್ಪುತ್ತದೆ. ಮೂತ್ರವಾದರೆ 24 ಗಂಟೆಯದ್ದು, ಅಥವಾ ಒಂದು ಸಲದ್ದನ್ನು ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೊರಹೋಗುವ ತ್ಯಾಜ್ಯ) ಜೊತೆ ಅಳೆದದ್ದು. ಕ್ರಿಯಾಟಿನಿನ್ ಇಲ್ಲದಿದ್ದರೆ ಹೆಚ್ಚು ನೀರು ಕುಡಿದವರ ಸಂಖ್ಯೆ ಸುಮ್ಮನೆ ಕಡಿಮೆ ಕಾಣುತ್ತದೆ. ಕೂದಲು ಮೀನಿನ ಪಾದರಸಕ್ಕೆ ಒಳ್ಳೆಯ ದಾಖಲೆ: ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವುದರಿಂದ ನೆತ್ತಿಗೆ ಅಂಟಿದ 3 ಸೆಂ.ಮೀ. ಕೂದಲು ಮೂರು ತಿಂಗಳ ಕತೆ ಹೇಳುತ್ತದೆ. ಆವಿಯ ನಡುವೆ ಕೆಲಸ ಮಾಡುವವರ ಕೂದಲಿಗೆ ಹೊರಗಿನಿಂದಲೇ ಪಾದರಸ ಅಂಟಿರಬಹುದು, ಅವರಿಗೆ ಇದು ಬೇಡ.

ಸಂಖ್ಯೆ ಓದುವುದು ಹೇಗೆ? ಅಮೆರಿಕದ ಪರಿಸರ ಸಂಸ್ಥೆಯ ಮಿತಿಗೆ ಹೊಂದುವ ರಕ್ತಮಟ್ಟ ಲೀಟರಿಗೆ 5.8 ಮೈಕ್ರೊಗ್ರಾಂ, ಕೂದಲಿನಲ್ಲಿ ಅಂದಾಜು ಗ್ರಾಮಿಗೆ 1 ಮೈಕ್ರೊಗ್ರಾಂ. ಇದು ಗರ್ಭದ ಶಿಶುವಿನ ಮಿದುಳನ್ನು ಕಾಪಾಡಲು, ದೊಡ್ಡ ಸುರಕ್ಷಾ ಅಂತರವಿಟ್ಟು ಮಾಡಿದ ಗಡಿ. 8 ಬಂದರೆ ವಿಷವೇರಿತೆಂದಲ್ಲ, ಮೀನು ಬದಲಿಸುವ ಸಮಯವಾಯಿತೆಂದು. ಕೆಲಸದಲ್ಲಿ ಆವಿಗೆ ಒಡ್ಡಿಕೊಳ್ಳುವವರಿಗೆ ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸೂಚ್ಯಂಕ ಮೂತ್ರದಲ್ಲಿ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ 20 ಮೈಕ್ರೊಗ್ರಾಂ.

ಒಂದು ಪರೀಕ್ಷೆಯನ್ನು ಮಾತ್ರ ಖಂಡಿತ ಮಾಡಿಸಬೇಡಿ. ಮೊದಲು ಲೋಹ ಎಳೆಯುವ ಔಷಧಿ ಕೊಟ್ಟು, ಆಮೇಲೆ ಮೂತ್ರ ಅಳೆದು ‘ನೋಡಿ, ಎಷ್ಟು ಹೆಚ್ಚಿದೆ’ ಎಂದು ತೋರಿಸುವ ಪರೀಕ್ಷೆ ಅದು. ಆರೋಗ್ಯವಂತರಿಗೆ ಕೊಟ್ಟರೂ ಮೂತ್ರದ ಲೋಹ ಏರುತ್ತದೆ. ಹಾಗೆ ಬಂದ ಸಂಖ್ಯೆಯನ್ನು ಸಾಮಾನ್ಯ ಮಿತಿಗೆ ಹೋಲಿಸಿ ರೋಗ ಹೇಳುವುದು ತಪ್ಪು. ಅಮೆರಿಕದ ವೈದ್ಯಕೀಯ ವಿಷವಿಜ್ಞಾನ ತಜ್ಞರ ಸಂಘ ಇದನ್ನು ಒಪ್ಪುವುದಿಲ್ಲ.

ಹಂತ 5: ಲಿವರ್ ವರದಿಯನ್ನು ಒಟ್ಟಾಗಿ ಓದಿ

ಎಎಲ್‌ಟಿ, ಎಎಸ್‌ಟಿ, ಎಎಲ್‌ಪಿ ಮತ್ತು ಜಿಜಿಟಿ ಎಂಬ ಕಿಣ್ವಗಳು, ಬಿಲಿರುಬಿನ್ (ಪಿತ್ತರಸದ ಹಳದಿ ಬಣ್ಣ), ಆಲ್ಬುಮಿನ್ (ಯಕೃತ್ತು ತಯಾರಿಸುವ ಪ್ರೋಟೀನ್), ಪ್ಲೇಟ್‌ಲೆಟ್ ಎಣಿಕೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಅಳತೆ) ಮಾಡಿಸಿ. ಜೊತೆಗೆ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಬೇಕೇ ಬೇಕು. ‘ಇದು ಪಾದರಸದ ಗಾಯ’ ಎಂದು ಬೊಟ್ಟುಮಾಡುವ ಲಿವರ್ ಪರೀಕ್ಷೆ ಯಾವುದೂ ಇಲ್ಲ. ಎಎಲ್‌ಟಿ ಏರಿದ್ದರೆ ಹೊಟ್ಟೆಯ ಸ್ಕ್ಯಾನ್, ಹೆಪಟೈಟಿಸ್ ಬಿ ಮತ್ತು ಸಿ, ಸಕ್ಕರೆ, ಕೊಬ್ಬು, ಮದ್ಯ, ತೆಗೆದುಕೊಳ್ಳುತ್ತಿರುವ ಔಷಧಿ ಇವನ್ನೆಲ್ಲ ಮೊದಲು ನೋಡಬೇಕು. ಪಾದರಸದ ಸಂಖ್ಯೆ ಸಿಕ್ಕಿತೆಂದು ಇವನ್ನು ಬಿಟ್ಟು, ಗುಣವಾಗಬಹುದಾದ ಹೆಪಟೈಟಿಸ್ ಸಿ ಕೈತಪ್ಪಿಹೋದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಯಕೃತ್ತು ಗಟ್ಟಿಯಾಗುತ್ತಿದೆಯೇ ಎಂದು ಅಂದಾಜಿಸಲು ಫಿಬ್-4 ಲೆಕ್ಕ ಮನೆಯಲ್ಲೇ ಮಾಡಬಹುದು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಬಂದದ್ದನ್ನು, ಪ್ಲೇಟ್‌ಲೆಟ್ ಎಣಿಕೆ ಮತ್ತು ಎಎಲ್‌ಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಿ. ವಯಸ್ಸು 50, ಎಎಸ್‌ಟಿ 45, ಎಎಲ್‌ಟಿ 60, ಪ್ಲೇಟ್‌ಲೆಟ್ 2 ಲಕ್ಷ 20 ಸಾವಿರ ಇದ್ದರೆ, ಸಾವಿರದ ಲೆಕ್ಕದಲ್ಲಿ 220 ಹಿಡಿದು, 2250 ಭಾಗಿಸು 1704, ಅಂದರೆ 1.32. 1.3ಕ್ಕಿಂತ ಕೆಳಗಿದ್ದರೆ ಅಪಾಯ ಕಡಿಮೆ, 2.67ಕ್ಕಿಂತ ಮೇಲಿದ್ದರೆ ಹೆಚ್ಚು. ನಡುವೆ ಬಿದ್ದವರು ಯಕೃತ್ತಿನ ಬಿಗುವು ಅಳೆಯುವ ಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಲಿ. 35ಕ್ಕಿಂತ ಕಿರಿಯರಿಗೆ ಈ ಲೆಕ್ಕ ಅಷ್ಟಾಗಿ ಹೊಂದದು.

ಕಣ್ಣು ಹಳದಿ, ಮೂತ್ರ ಕಡುಬಣ್ಣ, ರಕ್ತವಾಂತಿ, ಕಪ್ಪು ಮಲ, ಗೊಂದಲ ಕಂಡರೆ ಕೂತು ಲೆಕ್ಕ ಹಾಕಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಕೈನಡುಕ, ಬಾಯಿ ಸುತ್ತ ಜುಮುಜುಮು, ನೋಟದ ಅಂಚು ಕಿರಿದಾಗುವುದು, ನಡಿಗೆ ತಪ್ಪುವುದು ನರಮಂಡಲಕ್ಕೆ ಪೆಟ್ಟಾಗಿರುವ ಲಕ್ಷಣಗಳು. ಇವೂ ಕಾಯುವಂಥವಲ್ಲ.

ಹಂತ 6: ಇಳಿಸುವುದು, ಯಕೃತ್ತಿನ ಹೊರೆ ತಗ್ಗಿಸುವುದು

ಮೂಲ ನಿಲ್ಲಿಸುವುದೇ ಚಿಕಿತ್ಸೆಯ ದೊಡ್ಡ ಪಾಲು. ಹೆಚ್ಚಿನವರಿಗೆ ಅದಷ್ಟೇ ಸಾಕಾಗುತ್ತದೆ.

ಡಿಎಂಎಸ್ಎ, ಡಿಎಂಪಿಎಸ್ ಎಂಬ ಲೋಹ ಎಳೆಯುವ ಔಷಧಿಗಳು, ಲಕ್ಷಣಗಳೂ ಮಟ್ಟವೂ ಸೇರಿ ವಿಷವೇರಿರುವುದು ಖಚಿತವಾದವರಿಗೆ, ವಿಷವಿಜ್ಞಾನ ಬಲ್ಲ ವೈದ್ಯರ ಕಣ್ಗಾವಲಿನಲ್ಲಿ ಮಾತ್ರ. ಡಿಎಂಎಸ್ಎ ತಾನೇ ಲಿವರ್ ಕಿಣ್ವಗಳನ್ನು ತಾತ್ಕಾಲಿಕವಾಗಿ ಏರಿಸಬಲ್ಲದು, ಸತು ತಾಮ್ರಗಳನ್ನೂ ಎಳೆದೊಯ್ಯುತ್ತದೆ. ಹಳೆಯ ಔಷಧಿ ಡೈಮರ್‌ಕ್ಯಾಪ್ರಾಲ್ ಮೀಥೈಲ್ ಪಾದರಸಕ್ಕೆ ಕೊಡಲೇಬಾರದು. ಪಾದರಸವನ್ನು ಮಿದುಳಿನ ಕಡೆಗೆ ಸರಿಸುತ್ತದೆ. ಅಂಗಡಿಯಲ್ಲೋ ಅಂತರ್ಜಾಲದಲ್ಲೋ ಸಿಗುವ ಪುಡಿ, ಹನಿಗಳನ್ನು ‘ಲೋಹ ತೆಗೆಯುತ್ತದೆ’ ಎಂದು ನಂಬಿ ತಿನ್ನಬೇಡಿ. ಗಿಡಮೂಲಿಕೆಯ ಸಾರಗಳಿಂದಲೇ ಯಕೃತ್ತು ಕೆಟ್ಟು ಆಸ್ಪತ್ರೆ ಸೇರುವವರಿದ್ದಾರೆ.

ಗ್ಲುಟಾಥಯೋನ್ ಉಳಿಸುವುದು ನಿಮ್ಮ ಕೈಯಲ್ಲಿದೆ. ಪಾದರಸ ಇಳಿಯುವ ತಿಂಗಳುಗಳಲ್ಲಿ ಮದ್ಯ ಪೂರ್ತಿ ಬಿಡಿ. ಪ್ಯಾರಾಸಿಟಮಾಲ್ ಸಹ ಇದೇ ಸಂಗ್ರಹವನ್ನು ಖರ್ಚು ಮಾಡುವುದರಿಂದ ದಿನಕ್ಕೆ 4 ಗ್ರಾಮಿನ ಮಿತಿ ಎಂದೂ ಮೀರಬೇಡಿ, ಯಕೃತ್ತು ಬಳಲಿದವರು ವೈದ್ಯರು ಹೇಳಿದಷ್ಟೇ ತೆಗೆದುಕೊಳ್ಳಿ. ಗ್ಲುಟಾಥಯೋನ್ ಕಟ್ಟಲು ಗಂಧಕಯುಕ್ತ ಅಮೈನೊ ಆಮ್ಲಗಳು ಬೇಕು. ಬೇಳೆಕಾಳು, ಮೊಟ್ಟೆ, ಹಾಲಿನಿಂದ ಸಾಕಷ್ಟು ಪ್ರೋಟೀನ್ ತಿನ್ನಿ. ನಾರಿನ ವಿಷಯದಲ್ಲಿ, ಗೋಧಿತೌಡು ತಿಂದ ಇಲಿಗಳಲ್ಲಿ ಮೀಥೈಲ್ ಪಾದರಸ ಬೇಗ ಹೊರಹೋದದ್ದು ಪ್ರಯೋಗಗಳಲ್ಲಿ ಕಂಡಿದೆ. ಕರುಳಿನ ಆ ಸುತ್ತಾಟ ನೆನಪಿಸಿಕೊಂಡರೆ ಇದು ಅರ್ಥವಾಗುತ್ತದೆ. ಪ್ರತಿಜೀವಕ ಕೊಟ್ಟ ಇಲಿಗಳಲ್ಲಿ ಹೊರಹೋಗುವುದು ನಿಧಾನವಾಯಿತು. ಮಲಬದ್ಧತೆ ಇಟ್ಟುಕೊಳ್ಳಬೇಡಿ, ಬೇಡದ ಆಂಟಿಬಯಾಟಿಕ್ ನುಂಗಬೇಡಿ. ಸೆಲೆನಿಯಂ ಆಹಾರದಿಂದ ಸಾಕು. ಮಾತ್ರೆಗಳಿಂದ ದಿನಕ್ಕೆ 400 ಮೈಕ್ರೊಗ್ರಾಂ ದಾಟಿದರೆ ಕೂದಲು ಉದುರಿ ಉಗುರು ಒಡೆಯುವ ಬೇರೆಯೇ ವಿಷವೇರಬಹುದು.

ಗರ್ಭಿಣಿಯರು, ಹಾಲುಣಿಸುವವರು ಮೀನು ನಿಲ್ಲಿಸಬೇಕಿಲ್ಲ: ವಾರಕ್ಕೆ ಸುಮಾರು 225ರಿಂದ 340 ಗ್ರಾಂ, ಕಡಿಮೆ ಪಾದರಸದ ಜಾತಿಗಳಿಂದಲೇ ಆರಿಸಿ.

ಹಂತ 7: ಮರುಪರೀಕ್ಷೆ

ಮೂಲ ನಿಲ್ಲಿಸಿದ ದಿನಾಂಕ ಬರೆದಿಡಿ. ಮೀನಿನ ಪಾದರಸಕ್ಕೆ 50 ದಿನದ ಅರ್ಧಾಯು (ಅರ್ಧಕ್ಕೆ ಇಳಿಯುವ ಕಾಲ) ಹಿಡಿದರೆ ರಕ್ತದಲ್ಲಿ ಲೀಟರಿಗೆ 24 ಮೈಕ್ರೊಗ್ರಾಂ ಇದ್ದವರು 50ನೇ ದಿನಕ್ಕೆ 12, 100ಕ್ಕೆ 6, 150ಕ್ಕೆ 3ರ ಹತ್ತಿರ ಬರಬೇಕು. ಎರಡು ವಾರಕ್ಕೇ ಮತ್ತೆ ರಕ್ತ ಕೊಟ್ಟು ‘ಇಳಿದಿಲ್ಲ’ ಎಂದು ಹೆದರಬೇಡಿ. ಮೂರು ತಿಂಗಳಿಗೆ, ಅದೇ ಪ್ರಯೋಗಾಲಯದಲ್ಲಿ, ಅದೇ ಬಗೆಯ ನಳಿಕೆಯಲ್ಲಿ ಮಾಡಿಸಿ. ಲಿವರ್ ಕಿಣ್ವಗಳನ್ನೂ ಅಂದೇ ನೋಡಿ. ರಕ್ತ ಕೊಡುವ ಹಿಂದಿನ ಎರಡು-ಮೂರು ದಿನ ಭಾರೀ ವ್ಯಾಯಾಮ ಬೇಡ, ಸ್ನಾಯುಗಳಿಂದಲೂ ಎಎಸ್‌ಟಿ ಏರುತ್ತದೆ.

ಪಾದರಸ ಇಳಿದು ಎಎಲ್‌ಟಿ ಹಾಗೇ ನಿಂತಿದ್ದರೆ ಯಕೃತ್ತಿಗೆ ಬೇರೆ ಕಾರಣವಿದೆ, ಐದನೇ ಹಂತಕ್ಕೆ ಮರಳಿ. ಪಾದರಸವೇ ಲೆಕ್ಕದಂತೆ ಇಳಿಯದಿದ್ದರೆ ಎಲ್ಲೋ ಒಂದು ಮೂಲ ಇನ್ನೂ ತೆರೆದಿದೆ ಎಂದರ್ಥ: ಕ್ರೀಮಿನ ಡಬ್ಬಿ ಬಿಸಾಡಿ ಟವೆಲು ದಿಂಬು ಉಳಿಸಿಕೊಂಡಿರಬಹುದು, ಮಂಚದ ಕೆಳಗಿನ ಸಂದಿಯನ್ನು ಟಾರ್ಚು ಓರೆ ಹಿಡಿದು ನೋಡದೇ ಬಿಟ್ಟಿರಬಹುದು. ಚೀಟಿ ತೆಗೆದು ಎರಡನೇ ಹಂತದಿಂದ ಮತ್ತೆ ಶುರು ಮಾಡಿ.